ಮಧ್ಯಾಹ್ನದ ಸರದಿ

ಪುಂಜಾಲಕಟ್ಟೆ
೧೨ ಮಾರ್ಚ್ ೧೯೯೮

ಪ್ರಿಯ ಅಭಯ,

ನಾವೆಲ್ಲ ಕ್ಷೇಮ. ನೀನು ಹವಾಲ್ದಾರ ಆದ ಸುದ್ದಿಯನ್ನು ನಿನ್ನ ರಾಜಮತಿಯಕ್ಕ ಮೂಡುಬಿದಿರೆಯಿಂದ ಬಸ್ಸು ಹತ್ತಿ ಬಂದು ಹೇಳಿದರು, ರವಿಕೆ ಹೊಲಿಸುವ ನೆಪದಲ್ಲಿ. "ಮೂಡುಬಿದಿರೆಯಲ್ಲಿ ದರ್ಜಿಗಳು ಇಲ್ಲವಾ ಅಕ್ಕ?" ಎಂದು ಕೇಳಿದೆ. "ಉಂಟು. ಆದರೆ ಅವರಿಗೆ ನನ್ನ ತಮ್ಮನ ಪರಿಚಯ ಇಲ್ಲ" ಎಂದರು. ನಿನಗೆ ಸೆಲ್ಯೂಟ್ ಹೊಡೆಯುವವರು ಹೊಡೆಯಲಿ, ಎಂಟನೇ ಕ್ಲಾಸಿನಲ್ಲಿ ನನ್ನ ಗಣಿತ ನೋಡಿ ಬರೆದವನಿಗೆ ನಾನಂತೂ ಹೊಡೆಯುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮುಂಡಾಜೆಯ ರಿಟೈರ್ಡ್ ಸುಬೇದಾರ ರುಕ್ಮಯ್ಯನವರು ಸಫಾರಿ ಅಳತೆಗೆ ಬಂದಿದ್ದರು. ಕೈ ಎತ್ತಿ ನಿಂತುಕೊಂಡೇ ಹೇಳಿದರು: "ಇನ್ನು ಮಿಲಿಟ್ರಿಯಲ್ಲಿ ಜನ ಕಡಿಮೆ ಮಾಡ್ತಾರಂತೆ ಉಸ್ಮಾನ್. ಮುಂದಿನ ಯುದ್ಧ ಎಲ್ಲ ಕಂಪ್ಯೂಟರಿನಲ್ಲಂತೆ. ಮೊದಲು ಹೋಗುವುದು ನಿನ್ನ ತಮ್ಮನಂಥ, ಗುಡ್ಡಕ್ಕೆ ಸಾಮಾನು ಸಾಗಿಸುವ ಹೇಸರಗತ್ತೆಯವರು." ನನ್ನ ಕೈಯ ಟೇಪು ಅಲ್ಲೇ ನಿಂತಿತು.

ತಂದೆ ತೀರಿಕೊಂಡಾಗ ಉನೈಸನಿಗೆ ಆರು ವರ್ಷ. ಅವನನ್ನು ಸಾಕಿದವನು ನಾನು. ಮನೆಯಲ್ಲಿ ಎಲ್ಲರೂ ಗಲ್ಫ್ ಎಂದಾಗ ಅವನೊಬ್ಬನೇ ಮಿಲಿಟ್ರಿ ಎಂದ. ಬ್ಯಾರಿಗೆ ಯಾಕೆ ಬೇಕಿತ್ತು ಈ ಕೆಲಸ ಎಂದು ಊರು ನಕ್ಕಿತು. ಈಗ ಅರ್ಧದಲ್ಲಿ ಮನೆಗೆ ಕಳುಹಿಸಿದರೆ ಅದೇ ಊರು ಮತ್ತೊಮ್ಮೆ ನಗುತ್ತದೆ. ನೀನು ಅಂಥದ್ದನ್ನೆಲ್ಲ ಟೈಪು ಮಾಡುವ ಆಫೀಸಿನಲ್ಲಿಯೇ ಇದ್ದೀಯಲ್ಲ. ನಿಜವಾ ಸುಳ್ಳಾ, ಅಷ್ಟು ಹೇಳು.

ನಿನ್ನ
ಉಸ್ಮಾನ್

---

೨ ಏಪ್ರಿಲ್ ೧೯೯೮

ಪ್ರಿಯ ಉಸ್ಮಾನ್,

ಪತ್ರ ತಲುಪಿತು. ಆಫೀಸಿನ ವಿಷಯ ನಾನು ಬರೆಯುವ ಹಾಗಿಲ್ಲ. ನಿನಗೆ ಗೊತ್ತಿದ್ದೂ ಕೇಳುತ್ತೀ.

ಎಲ್ಲರೂ ಬಲ್ಲ ಸಂಗತಿಯನ್ನು ಹೇಳಬಹುದು. ಸೇನೆಯನ್ನು ಹದಿನೈದು ವರ್ಷ ಮುಂದಿನ ಯುದ್ಧಕ್ಕೆ ತಯಾರು ಮಾಡಬೇಕೆಂದು ಒಂದು ಸಮಿತಿ ಕುಳಿತಿದೆ. ನಮ್ಮ ಸಾಹೇಬರು ಅದರಲ್ಲಿದ್ದಾರೆ. ಬುದ್ಧಿವಂತರು, ಕೆಟ್ಟವರಲ್ಲ. ಸೈನ್ಯಕ್ಕೆ ಹಲ್ಲು ಮತ್ತು ಬಾಲ ಇರುತ್ತದೆ ಎಂದು ಅವರು ವಿವರಿಸುತ್ತಾರೆ. ಗುಂಡು ಹೊಡೆಯುವವರು ಹಲ್ಲು. ಅಡುಗೆ, ಸಾಗಾಟ, ನನ್ನಂಥ ಗುಮಾಸ್ತರು, ಉನೈಸನಂಥವರು ಎಲ್ಲ ಬಾಲ. ಹಲ್ಲು ಬಲವಾಗಬೇಕು, ಬಾಲ ಸಣ್ಣದಾಗಬೇಕು ಎಂಬುದು ಲೆಕ್ಕ. ಬಂದೂಕು ಮುಟ್ಟುವುದಿಲ್ಲ, ಪೆನ್ನು ಮಾತ್ರ ಹಿಡಿಯುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟು ಸೇರಿದವನು ನಾನು. ಈಗ ಆ ಪೆನ್ನಿಗೆ ದಿನವಿಡೀ ಇದೇ ಕೆಲಸ.

ಊರಿನ ಮಾತಿಗೆ ಕಿವಿ ಕೊಡಬೇಡ. ನಿನ್ನ ಉಮ್ಮನಿಗೆ ನನ್ನ ನಮಸ್ಕಾರ.

ಅಭಯಚಂದ್ರ

---

ಪುಂಜಾಲಕಟ್ಟೆ
೨೦ ಜೂನ್ ೧೯೯೮

ಪ್ರಿಯ ಅಭಯ,

ನೀನು ಏನೂ ಹೇಳದೆ ಎಲ್ಲ ಹೇಳಿದೆ ಮಾರಾಯ. ಬಾಲ ಇಲ್ಲದ ದನಕ್ಕೆ ನೊಣ ಓಡಿಸುವವರು ಯಾರು ಎಂದು ನಿನ್ನ ಸಾಹೇಬರನ್ನು ಕೇಳು.

ಉನೈಸ್ ರಜೆಯಲ್ಲಿ ಬಂದಿದ್ದ, ಮೊನ್ನೆ ವಾಪಸು ಹೋದ. ಕಪ್ಪಾಗಿದ್ದಾನೆ, ತುಟಿ ಒಡೆದಿದೆ, ಮಾತು ಮಾತ್ರ ಹಾಗೇ ಉಂಟು. ಉಮ್ಮ ಅವನಿಗೆ ವಿಟ್ಲದ ಫರ್ಹಾನಳನ್ನು ನೋಡಿ ಬಂದಿದ್ದಾರೆ. ಟೀಚರ್ ಟ್ರೈನಿಂಗ್ ಮಾಡಿದ ಹುಡುಗಿ. ಫೆಬ್ರವರಿಯಲ್ಲಿ ನಿಕಾಹ್ ಎಂದು ಮಾತಾಗಿದೆ. ಇವನು ಒಪ್ಪಿದ್ದಾನೆ, ಆದರೆ ಕೆಲಸ ಬಿಡುವುದಿಲ್ಲವಂತೆ.

ಅವನು ಅಂಗಡಿಯ ಮೇಜಿನ ಮೇಲೆ ಚಾಕಿನಲ್ಲಿ ದಾರಿ ಬರೆದು ತೋರಿಸಿದ. ಕೆಳಗಿನ ಡಿಪೋದಿಂದ ಮೇಲಿನ ಠಾಣೆಗೆ ಹೋಗುವಾಗ ಎರಡನೇ ತಿರುವಿನ ಹತ್ತಿರ ಒಂದು ತೋಡು, ನೀರು ಹರಿದ ಕೊರಕಲು ಉಂಟಂತೆ, ಅದರ ಮೇಲೆ ನೇರ ಗುಡ್ಡ. ಬಿಸಿಲು ಏರಿದ ಮೇಲೆ ಅಲ್ಲಿ ಹಿಮ ಕಳಚಿ ಬೀಳುತ್ತದೆ. "ಬೆಳಿಗ್ಗೆ ಹತ್ತು ಗಂಟೆಯ ಮೊದಲು ಎಲ್ಲ ಪ್ರಾಣಿಗಳೂ ಆ ತೋಡು ದಾಟಿರಬೇಕು. ಅದಕ್ಕೇ ನಮಗೆ ಅಷ್ಟು ಹೇಸರಗತ್ತೆ ಬೇಕಾಗುವುದು. ಎಲ್ಲ ಸಾಮಾನು ಒಂದೇ ಸಲಕ್ಕೆ ಹೋಗಬೇಕು. ಅಭಯಣ್ಣನಿಗೆ ಬರೆಯಿರಿ, ಅವರಿಗಾದರೂ ಗೊತ್ತಿರಲಿ" ಎಂದ. ಮಕ್ಕಳ ಸ್ಕೂಲ್ ಚಡ್ಡಿಗೆ ನಾವು ಎರಡು ಇಂಚು ಬಟ್ಟೆ ಒಳಗೆ ಮಡಿಸಿ ಬಿಡುವುದಿಲ್ಲವಾ? ಹೊರಗಿನಿಂದ ನೋಡುವವರಿಗೆ ಅದು ದಂಡವೇ.

ಅವನನ್ನು ಆ ಹೇಸರಗತ್ತೆ ಕಂಪೆನಿಯಲ್ಲಿ ಉಳಿಸಿಕೊಳ್ಳಲು ನಿನ್ನಿಂದ ಏನಾದರೂ ಆದೀತಾ? ನಾನು ಯಾವತ್ತೂ ನಿನ್ನನ್ನು ಏನೂ ಕೇಳಿದವನಲ್ಲ.

ಉಸ್ಮಾನ್

---

೩ ಜುಲೈ ೧೯೯೮

ಉಸ್ಮಾನ್,

ಠಾಣೆ, ದಾರಿ, ಸಮಯ, ಇದನ್ನೆಲ್ಲ ಇನ್ನು ಯಾವತ್ತೂ ಪತ್ರದಲ್ಲಿ ಬರೆಯಬೇಡ. ಸೈನಿಕ ಅಂಥದ್ದನ್ನು ಮನೆಯಲ್ಲಿ ಹೇಳುವುದೇ ಅಪರಾಧ. ಈ ಕಾಗದ ಬೇರೆಯವರ ಕೈಗೆ ಸಿಕ್ಕಿದರೆ ಉನೈಸ್ ಕೋರ್ಟು ನೋಡಬೇಕಾದೀತು. ನಾನು ಅದನ್ನು ಸುಟ್ಟಿದ್ದೇನೆ.

ಅವನ ವಿಷಯ ನೋಡುತ್ತೇನೆ.

ಅಭಯಚಂದ್ರ

---

೭ ಸೆಪ್ಟೆಂಬರ್ ೧೯೯೮

ಪ್ರಿಯ ಉಸ್ಮಾನ್,

ದಶಲಕ್ಷಣ ಪರ್ವ ಮುಗಿಯಿತು. ಇಲ್ಲಿ ನಮ್ಮವರು ಯಾರೂ ಇಲ್ಲ. ಹತ್ತು ದಿನವೂ ಸೂರ್ಯಾಸ್ತದ ಮೊದಲು ಒಬ್ಬನೇ ಉಂಡು, ಒಬ್ಬನೇ ಪಾಠ ಓದಿದೆ. ಪ್ರತಿ ವರ್ಷ ನಿನಗೆ ಒಂದು ಕಾರ್ಡಿನಲ್ಲಿ ಕ್ಷಮಾವಣಿ ಬರೆಯುತ್ತಿದ್ದೆ, ಅರಿತೋ ಅರಿಯದೆಯೋ ನೋಯಿಸಿದ್ದರೆ ಕ್ಷಮಿಸು ಎಂದು. ಈ ಸಲ ಕಾರ್ಡು ಸಾಲಲಿಲ್ಲ, ಇನ್‌ಲ್ಯಾಂಡ್ ತೆಗೆದುಕೊಂಡೆ.

ಉನೈಸನ ಹೆಸರು ಉಳಿಯುವವರ ಪಟ್ಟಿಯಲ್ಲಿದೆ. ಉಮ್ಮನಿಗೆ ಹೇಳು.

ಅರಿಯದೆ ಮಾಡಿದ್ದಕ್ಕೆ ಕ್ಷಮೆ ಕೇಳುವುದು ಸುಲಭ. ಅರಿತು ಮಾಡಿದ್ದಕ್ಕೂ ಕೇಳುತ್ತಿದ್ದೇನೆ. ಮಾತಾಡಬೇಕಾದಲ್ಲಿ ಬಾಯಿ ಮುಚ್ಚಿಕೊಂಡದ್ದಕ್ಕೂ ಕೇಳುತ್ತಿದ್ದೇನೆ. ನನ್ನನ್ನು ಕ್ಷಮಿಸು ಉಸ್ಮಾನ್. ಈ ವರ್ಷ ತಮಾಷೆ ಮಾಡಬೇಡ.

ನಿನ್ನ
ಅಭಯ

---

ಪುಂಜಾಲಕಟ್ಟೆ
೨೫ ಸೆಪ್ಟೆಂಬರ್ ೧೯೯೮

ಪ್ರಿಯ ಅಭಯ,

ಕ್ಷಮಿಸಿದೆ, ಕ್ಷಮಿಸಿದೆ, ಮೂರು ಸಲ ಕ್ಷಮಿಸಿದೆ! ತಮಾಷೆ ಮಾಡಬೇಡ ಎಂದರೆ ಹೇಗೆ ಸುಮ್ಮನಿರುವುದು? ಒಬ್ಬ ಬಡ ಸಿಪಾಯಿಯ ಹೆಸರನ್ನು ಉಳಿಸಲು ಸಾಹೇಬರಲ್ಲಿ ಒಂದು ಮಾತು ಆಡಿದ್ದನ್ನೂ ಪಾಪದ ಪಟ್ಟಿಗೆ ಸೇರಿಸುವವರು ಇಡೀ ದೇಶದಲ್ಲಿ ನೀವು ಮೂಡುಬಿದಿರೆಯವರೇ ಇರಬೇಕು. ಇರುವೆ ಸತ್ತೀತು ಎಂದು ನೆಲ ನೋಡಿ ನಡೆಯುವ ಜನ.

ಉಮ್ಮ ಪತ್ರವನ್ನು ಕಣ್ಣಿಗೆ ಒತ್ತಿಕೊಂಡರು. "ಅವನು ನನ್ನ ಹೊಟ್ಟೆಯಲ್ಲಿ ಹುಟ್ಟದ ಮಗ, ಹಾಗೆ ಬರಿ" ಎಂದಿದ್ದಾರೆ. ಬರೆದಿದ್ದೇನೆ. ನಿಕಾಹಿಗೆ ನೀನು ಬರಲೇಬೇಕು. ಬಿರಿಯಾನಿಯ ಕಡೆ ಸುಳಿಯಬೇಡ, ನಿನಗೆ ಬೇರೆ ಮಡಕೆಯಲ್ಲಿ ನೀರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ, ಅದೂ ಹೊತ್ತು ಮುಳುಗುವ ಮೊದಲು.

ಉಸ್ಮಾನ್

---

ಪುಂಜಾಲಕಟ್ಟೆ
೧೮ ಜನವರಿ ೧೯೯೯

ಪ್ರಿಯ ಅಭಯ,

ಡಿಸೆಂಬರಿನಲ್ಲಿ ಬರೆದ ಎರಡು ಪತ್ರಕ್ಕೂ ನಿನ್ನ ಉತ್ತರವಿಲ್ಲ. ಹುಷಾರಿದ್ದೀಯ ತಾನೇ?

ಉನೈಸನಿಗೆ ರಜೆ ಸಿಗಲಿಲ್ಲ. ಕಂಪೆನಿಯಲ್ಲಿ ಅರ್ಧ ಜನ, ಅರ್ಧ ಹೇಸರಗತ್ತೆ ಮಾತ್ರ ಉಳಿದಿರುವುದರಿಂದ ಯಾರನ್ನೂ ಬಿಡುವುದಿಲ್ಲವಂತೆ. ನಿಕಾಹ್ ಮೇ ತಿಂಗಳಿಗೆ ಹೋಯಿತು. ಅದು ದೊಡ್ಡದಲ್ಲ. ಅವನು ಬರೆದ ಒಂದು ಸಾಲು ನನ್ನ ನಿದ್ದೆ ತೆಗೆದಿದೆ: "ಈಗ ದಿನಕ್ಕೆ ಎರಡು ಸರದಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು." ಮೊದಲು ಹೀಗೆ ಇರಲಿಲ್ಲ. ನೀನು ಬರೆಯಬೇಡ ಎಂದದ್ದರಿಂದ ಹೆಚ್ಚು ಬರೆಯುವುದಿಲ್ಲ. ನಾನು ಯಾಕೆ ಹೆದರುತ್ತಿದ್ದೇನೆ ಎಂದು ನಿನಗೆ ಅರ್ಥವಾಗುತ್ತದೆ.

ಹೆಲಿಕಾಪ್ಟರ್ ಬರುತ್ತದೆ ಎಂದಿದ್ದರಂತೆ. ಮೂರು ತಿಂಗಳಲ್ಲಿ ಅದರ ಶಬ್ದ ಮೂರು ಸಲ ಕೇಳಿದೆಯಂತೆ, ಮಂಜಿನಲ್ಲಿ ಕಣ್ಣಿಗೆ ಕಾಣಲಿಲ್ಲ.

ನಿನ್ನ ಸಾಹೇಬರಿಗೆ ಒಂದು ಮಾತು ಹೇಳು. ರಜೆ ಬೇಡ, ಆ ಮಧ್ಯಾಹ್ನದ್ದೊಂದನ್ನು ನಿಲ್ಲಿಸಲಿ.

ಉಸ್ಮಾನ್

---

೨ ಫೆಬ್ರವರಿ ೧೯೯೯

ಉಸ್ಮಾನ್,

ಹುಷಾರಿದ್ದೇನೆ. ಇದು ಪ್ರಯೋಗದ ಅವಧಿ, ಮಾರ್ಚ್ ೩೧ಕ್ಕೆ ಮುಗಿಯುತ್ತದೆ. ಆಮೇಲೆ ಎಲ್ಲವನ್ನೂ ಮತ್ತೆ ಪರಿಶೀಲಿಸುತ್ತಾರೆ. ಇನ್ನು ಎಂಟು ವಾರ. ಉಮ್ಮನಿಗೆ ಧೈರ್ಯ ಹೇಳು.

ಅಭಯಚಂದ್ರ

---

ಪುಂಜಾಲಕಟ್ಟೆ
೨೧ ಮಾರ್ಚ್ ೧೯೯೯

ಅಭಯ,

ಮೊನ್ನೆ ತಂತಿ ಬಂತು. ಅಂಚೆಯ ಕಮಲಾಕ್ಷ ಸೈಕಲಿನಿಂದ ಇಳಿಯದೆ ನಿಂತಿದ್ದ. ಅವನ ಮುಖ ನೋಡಿಯೇ ನಾನು ಮೆಷಿನ್ ನಿಲ್ಲಿಸಿದೆ.

೧೬ನೇ ತಾರೀಕು ಮಧ್ಯಾಹ್ನ ಮೂರೂವರೆಗೆ ಹಿಮ ಕುಸಿದು ಮೂವರು ಸಿಪಾಯಿಗಳು ಮತ್ತು ಒಂಬತ್ತು ಹೇಸರಗತ್ತೆ ಅದರಡಿಗೆ ಸಿಕ್ಕಿದ್ದಾರೆ. ಉನೈಸ್ ಅವರಲ್ಲಿ ಒಬ್ಬ. ಹಿಮ ಕರಗುವವರೆಗೆ ಹುಡುಕಲಿಕ್ಕೆ ಆಗುವುದಿಲ್ಲವಂತೆ.

ಅವನು ಎಲ್ಲೋ ಹೊರಗೆ ಬಿದ್ದಿರಬಹುದು, ಯಾರೋ ಎತ್ತಿಕೊಂಡಿರಬಹುದು ಎಂದು ಉಮ್ಮ ಹೇಳುತ್ತಿದ್ದಾರೆ. ನಾನು ಹೌದು ಎನ್ನುತ್ತಿದ್ದೇನೆ. ಫರ್ಹಾನಳ ಮನೆಯವರು ಬಂದು ಕೂತು ಹೋದರು.

ನೀನು ಆ ಆಫೀಸಿನಲ್ಲಿದ್ದೀ. ನನಗೆ ಸಮಾಧಾನ ಬೇಡ. ಏನಾಯಿತು ಎಂದು ಹೇಳು.

ಉಸ್ಮಾನ್

---

೧೧ ಏಪ್ರಿಲ್ ೧೯೯೯

ಉಸ್ಮಾನ್,

ಮೂರು ವಾರ ಬರೆಯಲಿಕ್ಕೆ ಆಗಲಿಲ್ಲ. ಈಗ ಎಲ್ಲವನ್ನೂ ಬರೆಯುತ್ತೇನೆ.

ನಿನ್ನ ಜೂನ್ ತಿಂಗಳ ಪತ್ರವನ್ನು ನಾನು ಸುಡಲಿಲ್ಲ. ಅದು ನನ್ನ ಪೆಟ್ಟಿಗೆಯಲ್ಲಿತ್ತು. ಆಗಸ್ಟ್ ೧೧ರಂದು ಸಮಿತಿಯ ಒಂದು ಪುಟ ನನ್ನ ಮೇಜಿಗೆ ಬಂತು. ಅದರಲ್ಲಿ ಮೂರು ಸಾಲಿತ್ತು. ಪ್ರಾಣಿಗಳು ಅರ್ಧ. ದಿನಕ್ಕೆ ಸರದಿ ಎರಡು. ಸಾಗಿಸುವ ಸಾಮಾನು ಮೊದಲಿನಷ್ಟೇ. ಮೇಲೆ ಉನೈಸನ ಕಂಪೆನಿಯ ಹೆಸರಿತ್ತು. ಓದಿದ ಕೂಡಲೇ ನಿನ್ನ ಪತ್ರದ ತೋಡು ನೆನಪಾಯಿತು. ಎರಡನೇ ಸರದಿ ಹತ್ತು ಗಂಟೆಯ ಮೊದಲು ದಾಟುವ ಹಾಗೇ ಇಲ್ಲ ಎಂದು ನನಗೆ ಗೊತ್ತಾಯಿತು. ಆ ಕೋಣೆಯಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ.

ಟೈಪು ಮಾಡಿದೆ. ಸಾಹೇಬರು ಸಹಿ ಹಾಕುವ ಮೊದಲು ತಲೆ ಎತ್ತಿ, ಏನಾದರೂ ಬಿಟ್ಟುಹೋಗಿದೆಯೇ ಎಂದು ಕೇಳಿದರು. ಅವರು ಯಾವಾಗಲೂ ಕೇಳುತ್ತಾರೆ. ನಾನು "ಇಲ್ಲ ಸಾಬ್" ಎಂದೆ.

ಯಾಕೆ ಹಾಗೆಂದೆ? ಹೇಳಿದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ಪತ್ರ ತೋರಿಸಬೇಕಾಗುತ್ತಿತ್ತು. ದಾರಿಯ ಗುಟ್ಟು ಹೊರಗೆ ಹೇಳಿದ್ದಕ್ಕೆ ಉನೈಸ್ ಸಿಕ್ಕಿಬೀಳುತ್ತಿದ್ದ. ಅವನನ್ನು ಉಳಿಸಲು ಸುಮ್ಮನಿದ್ದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ನನ್ನ ಮುಂದಿನ ಬಡ್ತಿಯ ಕಾಗದವೂ ಅದೇ ಸಾಹೇಬರ ಮುಂದಿತ್ತು. ಜನವರಿಯಲ್ಲಿ ನೀನು ಬೇಡಿಕೊಂಡಾಗಲೂ ನಾನು ಅವರ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಸೆಪ್ಟೆಂಬರಿನಲ್ಲಿ ನಿನ್ನಲ್ಲಿ ಕ್ಷಮೆ ಕೇಳಿದ್ದು ಇದಕ್ಕೆ. ನೀನು ಬೇರೆ ಏನೋ ಎಂದುಕೊಂಡು ಕೊಟ್ಟೆ, ನಾನು ತಿದ್ದಲಿಲ್ಲ. ಕೊಟ್ಟದ್ದನ್ನು ತೆಗೆದಿಟ್ಟುಕೊಂಡೆ. ನನಗೆ ನನ್ನ ಮೇಲೆ ಹೇಸಿಗೆಯಾಗಿದೆ.

ಇನ್ನೂ ಒಂದುಂಟು. ನಿನ್ನೆ ಪ್ರಯೋಗದ ವರದಿ ನನ್ನ ಕೈಯಿಂದಲೇ ಹೋಯಿತು. ಸಾಮಾನು ನೂರಕ್ಕೆ ನೂರು ತಲುಪಿದೆ, ಪ್ರಯೋಗ ಯಶಸ್ವಿ ಎಂದಿದೆ. ಮೂವರ ಸಾವು ಹವಾಮಾನದ ಕಾಲಮಿನಲ್ಲಿದೆ. ಇನ್ನು ಬೇರೆ ಕಂಪೆನಿಗಳಿಗೂ ಇದೇ ವ್ಯವಸ್ಥೆ ಬರುತ್ತದೆ. ಎಲ್ಲ ಕಡೆಯೂ ಮಧ್ಯಾಹ್ನದ ಸರದಿ.

ಇದನ್ನು ತಡೆಯಬಹುದಾದ ಕಾಗದ ಒಂದೇ, ನಿನ್ನ ಪತ್ರ. ಅಪಾಯ ಮೊದಲೇ ಗೊತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿಯಿಲ್ಲ. ಆದರೆ ಅದನ್ನು ಕೊಟ್ಟರೆ ಉನೈಸನ ಹೆಸರಿನ ಎದುರು ಗುಟ್ಟು ಬಿಟ್ಟುಕೊಟ್ಟವನು ಎಂದು ಬೀಳುತ್ತದೆ. ಸತ್ತವನು ಬಂದು ಉತ್ತರ ಕೊಡಲಾರ. ಕೊಡಲೋ ಬೇಡವೋ, ನೀನು ಹೇಳಬೇಕು. ಈ ಸಲ ನಿನ್ನನ್ನು ಕೇಳದೆ ನಾನು ಏನೂ ಮಾಡುವುದಿಲ್ಲ.

ಅಭಯಚಂದ್ರ

---

ಪುಂಜಾಲಕಟ್ಟೆ
೧೪ ಮೇ ೧೯೯೯

ಅಭಯಚಂದ್ರ,

ಉನೈಸ್ ಸಿಕ್ಕಿದ. ಕಳೆದ ಶುಕ್ರವಾರ ಪೆಟ್ಟಿಗೆಯಲ್ಲಿ ಬಂದ, ಮೇಲೆ ಬಾವುಟ ಹೊದ್ದುಕೊಂಡು. ಬೆಳ್ತಂಗಡಿ, ಬಂಟ್ವಾಳ, ವಿಟ್ಲದಿಂದೆಲ್ಲ ಜನ ಬಂದಿದ್ದರು. ಬ್ಯಾರಿಗೆ ಯಾಕೆ ಮಿಲಿಟ್ರಿ ಎಂದವರೂ ಬಂದು ಹೆಗಲು ಕೊಟ್ಟರು. ರುಕ್ಮಯ್ಯನವರು ಹಳೆಯ ಪದಕ ಹಾಕಿಕೊಂಡು ಬಿಸಿಲಲ್ಲಿ ಎರಡು ಗಂಟೆ ನಿಂತರು. ನಾನು ಅವನ ಅಳತೆ ಬಲ್ಲವನು. ಪೆಟ್ಟಿಗೆ ಅವನಿಗೆ ಉದ್ದವಾಗಿತ್ತು.

ನಿನ್ನ ಪತ್ರವನ್ನು ಉಮ್ಮನಿಗೆ ಓದಿ ಹೇಳಬಾರದೆಂದು ಒಂದು ತಿಂಗಳು ಇಟ್ಟುಕೊಂಡಿದ್ದೆ. ದಫನ ಆದ ಮೇಲೆ ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ. ಉಮ್ಮ "ಆ ಆಫೀಸರು ಕೇಳಿದರಲ್ಲ" ಎಂದರು. "ಅವರು ಕೇಳಿದರಲ್ಲ ಮೋನೆ, ಏನಾದರೂ ಬಿಟ್ಟುಹೋಗಿದೆಯಾ ಎಂದು." ಅಷ್ಟೇ ಹೇಳಿದರು. ಆಗ ನೀನು ನನ್ನ ಎದುರಿಗೆ ಇದ್ದಿದ್ದರೆ ನಿನ್ನ ಕುತ್ತಿಗೆ ಹಿಡಿಯುತ್ತಿದ್ದೆ. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ನಿನ್ನ ಮೇಲೆ ನನಗೆ ಸಿಟ್ಟಿದೆ, ಅದು ಇಳಿಯುವ ಜಾತಿಯದ್ದಲ್ಲ. ಸೆಪ್ಟೆಂಬರಿನಲ್ಲಿ ಕೊಟ್ಟದ್ದನ್ನು ನಾನು ವಾಪಸು ತೆಗೆದುಕೊಂಡಿದ್ದೇನೆ. ನೀನು ಸುಳ್ಳು ಅಳತೆ ಕೊಟ್ಟು ಹೊಲಿಸಿಕೊಂಡದ್ದು ಅದು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟದ್ದೂ ಉಮ್ಮನೇ. "ಆ ತೋಡಿನಲ್ಲಿ ಈಗ ನಡೆಯುತ್ತಿರುವವರಿಗೆ ಉಮ್ಮಂದಿರು ಇಲ್ಲವಾ? ಕೊಡಲಿಕ್ಕೆ ಹೇಳು. ನನ್ನ ಮಗ ಎಂಥವನೆಂದು ನನಗೆ ಗೊತ್ತುಂಟು, ಕಾಗದದಲ್ಲಿ ಏನು ಬೇಕಾದರೂ ಬರೆಯಲಿ."

ಪತ್ರ ಕೊಡು. ನನ್ನ ಹೆಸರು, ವಿಳಾಸ ಎಲ್ಲ ಅದರಲ್ಲಿಯೇ ಇದೆ. ಯಾವುದನ್ನೂ ಹರಿಯಬೇಡ, ಹೊಡೆದು ಹಾಕಬೇಡ.

ಉಸ್ಮಾನ್

---

೧೦ ಜೂನ್ ೧೯೯೯

ಉಸ್ಮಾನ್,

ಮೇ ೨೪ರಂದು ಪತ್ರವನ್ನೂ ನನ್ನ ಲಿಖಿತ ಹೇಳಿಕೆಯನ್ನೂ ಕೊಟ್ಟೆ. ಸಾಹೇಬರಿಗೆ ಕನ್ನಡ ಬಾರದು, ಸಾಲು ಸಾಲಾಗಿ ಅರ್ಥ ಹೇಳಿದೆ. ತೋಡಿನ ಸಾಲು ಬಂದಾಗ ಅವರು ಕನ್ನಡಕ ತೆಗೆದರು. "ಇದು ಆಗಸ್ಟಿನಲ್ಲಿ ನಿನ್ನ ಹತ್ತಿರ ಇತ್ತು" ಎಂದರು. ಇತ್ತು ಎಂದೆ. ಮತ್ತೆ ಅವರು ನನ್ನ ಮುಖ ನೋಡಲಿಲ್ಲ.

ನಾಲ್ಕೇ ದಿನದಲ್ಲಿ ಒಂದು ಸಾಲಿನ ಆದೇಶ ಹೋಯಿತು. ಮಧ್ಯಾಹ್ನದ ಸರದಿ ಎಲ್ಲ ಕಡೆ ನಿಂತಿದೆ. ಕಾರಣ ಬರೆದಿಲ್ಲ. ಇದನ್ನು ಉಮ್ಮನಿಗೆ ಹೇಳು.

ಅಷ್ಟರಲ್ಲಿ ಇತ್ತ ಯುದ್ಧವೇ ಬಂದಿದೆ, ಪೇಪರಿನಲ್ಲಿ ನೋಡಿರುತ್ತೀ. ಹದಿನೈದು ವರ್ಷದ ಮುಂದಿನದ್ದಲ್ಲ, ಈ ಬೇಸಿಗೆಯದ್ದು. ಮನೆಗೆ ಕಳುಹಿಸಿದ ಹೇಸರಗತ್ತೆಯವರನ್ನು ತಂತಿ ಹೊಡೆದು ಹುಡುಕುತ್ತಿದ್ದಾರೆ. ಸಮಿತಿಯ ಕೋಣೆಗೆ ಬೀಗ ಬಿದ್ದಿದೆ.

ಈಗ ಹೇಳಬೇಕಾದದ್ದು. ನಿನ್ನ ಪತ್ರದ ನಕಲು ಬೇರೊಂದು ವಿಭಾಗಕ್ಕೆ ಹೋಗಿದೆ. ಅಲ್ಲಿ ತೋಡು ಯಾರಿಗೂ ಬೇಡ. ಗಡಿಯ ದಾರಿ, ಸಮಯ, ಡಿಪೋ, ಇದೆಲ್ಲ ದಕ್ಷಿಣದ ಒಬ್ಬ ದರ್ಜಿಗೆ ಹೇಗೆ ಗೊತ್ತು ಎಂದು ಕೇಳಿದರು. "ಈ ಉಸ್ಮಾನ್ ಯಾರು" ಎಂದು ನನ್ನನ್ನು ಮೂರು ದಿನ ಕೂರಿಸಿ ಬೇರೆಬೇರೆಯವರು ಕೇಳಿದರು. ಬರೆದವನು ಸತ್ತ ಸಿಪಾಯಿಯ ಅಣ್ಣ ಎಂದು ಪ್ರತಿ ಸಲವೂ ಹೇಳಿದೆ. ಬರೆದುಕೊಂಡರೋ ಇಲ್ಲವೋ ತಿಳಿಯದು. ಯುದ್ಧದ ಕಾಲ, ಎಲ್ಲರಿಗೂ ಎಲ್ಲದರ ಮೇಲೂ ಸಂಶಯ. ನನ್ನನ್ನು ಆಫೀಸಿನಿಂದ ತೆಗೆದಿದ್ದಾರೆ. ಈ ಕಾಗದವನ್ನೂ ಯಾರೋ ಓದಿಯೇ ನಿನಗೆ ತಲುಪೀತು, ಓದಲಿ.

ಯಾರಾದರೂ ಬಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಅಂಗಡಿಯಲ್ಲಿ ಒಬ್ಬನೇ ಇರಬೇಡ. ರುಕ್ಮಯ್ಯನವರನ್ನು ಹತ್ತಿರ ಕೂರಿಸಿಕೋ.

ಅಭಯಚಂದ್ರ

---

ಪುಂಜಾಲಕಟ್ಟೆ
೨೮ ಜೂನ್ ೧೯೯೯

ಅಭಯಚಂದ್ರ,

ನಿನ್ನ ಕಾಗದ ತಲುಪಿದ್ದು ಶನಿವಾರ. ಅವರು ಗುರುವಾರವೇ ಬಂದು ಹೋಗಿದ್ದರು.

ಇಬ್ಬರು, ಸಾದಾ ಬಟ್ಟೆಯಲ್ಲಿ. ಪ್ಯಾಂಟ್ ಹೊಲಿಸುವವರು ಎಂದುಕೊಂಡು ಟೇಪು ತೆಗೆದೆ. ಒಬ್ಬರು ಶಟರನ್ನು ಅರ್ಧ ಎಳೆದರು. ಅವರ ಕೈಯಲ್ಲಿ ಇದ್ದದ್ದು ಹೋದ ವರ್ಷದ ನನ್ನ ಜೂನ್ ಪತ್ರದ ನಕಲು ಮಾತ್ರ, ಬೇರೇನೂ ಇರಲಿಲ್ಲ. ಗಲ್ಫಿನಲ್ಲಿ ಯಾರಿದ್ದಾರೆ, ಯಾರಿಗೆ ಪತ್ರ ಬರೆಯುತ್ತೇನೆ, ಎಷ್ಟು ಸಲ ಊರು ಬಿಟ್ಟು ಹೋಗಿದ್ದೇನೆ ಎಂದೆಲ್ಲ ಕೇಳಿದರು. ವಿಟ್ಲದ ಆಚೆಗೆ ಹೋದದ್ದೇ ಕಡಿಮೆ ಎಂದೆ. ಮೇಜನ್ನು ತಿರುಗಿಸಿ ಅಡಿ ನೋಡಿದರು. ಗಿರಾಕಿಗಳ ಅಳತೆ ಬರೆದ ಪುಸ್ತಕ ಸಿಕ್ಕಿತು. ಅದರ ಸಂಖ್ಯೆಗಳನ್ನು ತೋರಿಸಿ ಇದು ಎಂಥದ್ದು ಎಂದರು. ಸೊಂಟ, ಎದೆ, ತೋಳು ಎಂದೆ. ನಂಬಲಿಲ್ಲ, ಪುಸ್ತಕ ತೆಗೆದುಕೊಂಡರು. ರಸ್ತೆಯ ಆಚೆ ಜನ ನಿಂತು ನೋಡುತ್ತಿದ್ದರು. ಮೇ ತಿಂಗಳಲ್ಲಿ ಹೆಗಲು ಕೊಟ್ಟವರೇ. ಯಾರೂ ರಸ್ತೆ ದಾಟಲಿಲ್ಲ. ಆ ದಿನದಿಂದ ಅಂಗಡಿಗೆ ಗಿರಾಕಿಯೂ ಬಂದಿಲ್ಲ, ರಾಜಮತಿಯಕ್ಕ ಒಬ್ಬರು ಬಿಟ್ಟರೆ.

ನನಗೆ ಹೆದರಿಕೆ ಉಂಟು. ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಪತ್ರ ಕೊಡು ಎಂದದ್ದಕ್ಕೆ ಪಶ್ಚಾತ್ತಾಪವಿಲ್ಲ. ಮಧ್ಯಾಹ್ನದ ಸರದಿ ನಿಂತಿತು ಎಂದಾಗ ಉಮ್ಮ ಮಾರ್ಚ್ ತಿಂಗಳಿಂದ ಮೊದಲ ಸಲ ಗಂಜಿ ಪೂರ್ತಿ ಉಂಡರು.

ಹೊರಡುವ ಮೊದಲು ಹಿರಿಯವರು ಕೇಳಿದರು, "ನಿಮಗೆ ಆ ದಾರಿಯ ಮಾಹಿತಿ ಕೊಟ್ಟವನು ಈಗ ಎಲ್ಲಿದ್ದಾನೆ? ಪೂರ್ತಿ ವಿಳಾಸ ಬೇಕು." "ಬನ್ನಿ, ತೋರಿಸ್ತೇನೆ" ಎಂದೆ. ಶಟರ್ ಎಳೆದು, ಮಳೆಯಲ್ಲಿ ಇಬ್ಬರನ್ನೂ ಮಸೀದಿಯ ಹಿಂದಕ್ಕೆ ನಡೆಸಿಕೊಂಡು ಹೋದೆ. ಗೋರಿಯ ಮಣ್ಣು ಇನ್ನೂ ಕೆಂಪಾಗಿಯೇ ಇತ್ತು. "ಇಲ್ಲಿ" ಎಂದೆ.

ಹಿರಿಯವರು ಚಪ್ಪಲಿ ಬಿಚ್ಚಿ ಹಿಂದೆ ಸರಿದರು. ಕಿರಿಯವನು ಕೊಡೆಯನ್ನು ಕತ್ತಿನಲ್ಲಿ ಸಿಕ್ಕಿಸಿಕೊಂಡು ಬರೆದುಕೊಂಡ: ಮಸೀದಿಯ ಹಿಂದೆ, ಗೋಡೆಯಿಂದ ಮೂರನೆಯದು.

ಉಸ್ಮಾನ್